ಯಶವಂತಪುರದ ಮಣ್ಣಿನಲ್ಲಿ ರೋಮಿನ ಬೆಳ್ಳಿ: ಹಳೆಯ ನಾಣ್ಯವನ್ನು ಗುರುತಿಸುವುದು ಹೇಗೆ?

ಯಶವಂತಪುರ ಎಂದೊಡನೆ ಬೆಂಗಳೂರಿನ ಕಡೆಯವರಿಗೆ ನೆನಪಾಗುವುದು ರೈಲು ನಿಲ್ದಾಣ ಮತ್ತು ಮಂಡಿ. ಎಚ್.ಎ.ಎಲ್. ಎಂದರೆ ಹಳೆಯ ವಿಮಾನ ನಿಲ್ದಾಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವ ತನಕ, ಬೆಂಗಳೂರಿನಿಂದ ಸಿಂಗಪುರದ ವಿಮಾನ ಹತ್ತುವವರು ಉಪ್ಪಿನಕಾಯಿ, ಚಟ್ನಿಪುಡಿಗಳ ಪೆಟ್ಟಿಗೆಯೊಂದಿಗೆ ಸಾಲಿನಲ್ಲಿ ನಿಲ್ಲುತ್ತಿದ್ದುದು ಅಲ್ಲಿಯೇ. ಈ ಎರಡೂ ಜಾಗಗಳ ನೆಲದೊಳಗೆ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯಗಳು ಅಡಗಿದ್ದವು ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ದೊರೆತವು. 1965ರಲ್ಲಿ ಎಚ್.ಎ.ಎಲ್. ಪ್ರದೇಶದಲ್ಲಿ ಅಂಥವೇ 256 ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಪ್ರೊ. ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ಪ್ರಸಿದ್ಧ ನೆಲೆ ಅದು. ಅಗಸ್ಟಸ್, ಟಿಬೇರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಮುಖವಿರುವ ಈ ಹಣ ಕನ್ನಡ ನಾಡಿನ ಒಳಭಾಗದ ತನಕ ಬಂದಿತ್ತು.

ಹಾಗಿದ್ದರೆ ಇಂಥ ನಾಣ್ಯವನ್ನು ಕಂಡಾಗ ಇದು ರೋಮಿನದೇ, ಇಂಥ ಅರಸನದೇ ಎಂದು ಬಲ್ಲವರು ಹೇಳುವುದು ಹೇಗೆ? ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ತೂಕ, ಅಂಚು, ಮುಖ, ಅಕ್ಷರ, ಹಿಂಬದಿಯ ಚಿತ್ರ ಇವನ್ನು ಒಂದಾದ ಮೇಲೊಂದರಂತೆ ನೋಡುವ ತಾಳ್ಮೆ ಬೇಕು, ಅಷ್ಟೇ. ಹೈಸ್ಕೂಲು ಓದುವ ನಮ್ಮ ಮಕ್ಕಳೂ ಇದನ್ನು ಕಲಿಯಬಹುದು. ಕಲಿತರೆ, ಊರಿನ ಮನೆಯ ಪೆಟ್ಟಿಗೆಯಲ್ಲಿರುವ ಯಾವುದೋ ಹಳೆಯ ಬಿಲ್ಲೆ ಅಕ್ಕಸಾಲಿಗನ ಮೂಸೆ ಸೇರುವುದನ್ನು ತಪ್ಪಿಸಲೂಬಹುದು.

ದಿನಾರಿಯಸ್ ಎಂದರೇನು?

ರೋಮಿನ ಬೆಳ್ಳಿ ನಾಣ್ಯದ ಹೆಸರು ದಿನಾರಿಯಸ್. ಇಂದಿನ ಕುವೈತ್, ಇರಾಕ್ ದೇಶಗಳ ದಿನಾರ್ ಈ ಹೆಸರಿನಿಂದಲೇ ಬಂದದ್ದು. ಗುಪ್ತರ ಕಾಲದ ಶಾಸನಗಳಲ್ಲಿ ಕಾಣುವ ‘ದೀನಾರ’ ಎಂಬ ಮಾತೂ ಅದೇ. ನಮ್ಮ ಕನ್ನಡ ಶಾಸನಗಳಲ್ಲಿ ಬರುವ ‘ದ್ರಮ್ಮ’ಕ್ಕೆ ಗ್ರೀಕರ ದ್ರಾಖ್ಮ ಮೂಲವಾದಂತೆ, ಹಣದ ಜೊತೆಗೆ ಹಣದ ಹೆಸರೂ ಕಡಲು ದಾಟಿ ಬಂದಿದೆ.

25 ದಿನಾರಿಯಸ್‌ಗಳಿಗೆ ಔರಿಯಸ್ ಎಂಬ ಒಂದು ಚಿನ್ನದ ನಾಣ್ಯ ಸಮ. ಒಂದು ದಿನಾರಿಯಸ್‌ಗೆ ಸೆಸ್ಟರ್ಸ್ ಎಂಬ ನಾಲ್ಕು ನಾಣ್ಯಗಳು ಸಮ. ಅಗಸ್ಟಸನ ಕಾಲದಲ್ಲಿ ರೋಮಿನ ಕಾಲಾಳು ಸೈನಿಕನೊಬ್ಬನ ವರ್ಷದ ಸಂಬಳ 225 ದಿನಾರಿಯಸ್. ಈ ಲೆಕ್ಕ ಹಿಡಿದರೆ ಯಶವಂತಪುರದ ನಿಧಿ ಒಬ್ಬ ಸೈನಿಕನ ಸುಮಾರು ಒಂಬತ್ತು ತಿಂಗಳ ದುಡಿಮೆ. ಎಚ್.ಎ.ಎಲ್.ನ ನಿಧಿ ವರ್ಷದ ಸಂಬಳಕ್ಕಿಂತ ಹೆಚ್ಚು. ಹೂತಿಟ್ಟವರು ಯಾರೋ ತಿಳಿಯದು, ಆದರೆ ಅದು ಸಣ್ಣ ಮೊತ್ತವಂತೂ ಅಲ್ಲ.

ಮೊದಲ ಹೆಜ್ಜೆ: ಗಾತ್ರ ಮತ್ತು ತೂಕ

ಅಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಯಿಂದ 84 ದಿನಾರಿಯಸ್‌ಗಳನ್ನು ಟಂಕಿಸುತ್ತಿದ್ದರು. ಹಾಗಾಗಿ ಒಂದೊಂದರ ತೂಕ 3.9 ಗ್ರಾಂ ಆಸುಪಾಸು, ಅಡ್ಡಳತೆ 18ರಿಂದ 19 ಮಿಲಿಮೀಟರ್. ಕೈಯಿಂದ ಕೈಗೆ ಸವೆದ ನಾಣ್ಯ ಇನ್ನೂ ಸ್ವಲ್ಪ ಹಗುರವಾಗಿರುತ್ತದೆ.

ಈ ಅಳತೆಯನ್ನು ಸಿಂಗಪುರದಲ್ಲಿರುವ ನಾವು ಬಹಳ ಸುಲಭವಾಗಿ ನೆನಪಿಟ್ಟುಕೊಳ್ಳಬಹುದು. ಟೋವಾ ಪಾಯೋ ಲೋರಾಂಗ್ 8ರ ಹಾಕರ್ ಸೆಂಟರಿನಲ್ಲಿ ಕೋಪಿ ಕುಡಿದು ಚಿಲ್ಲರೆ ಪಡೆದಾಗ, 2013ರಲ್ಲಿ ಚಲಾವಣೆಗೆ ಬಂದ ಸರಣಿಯ ಹತ್ತು ಸೆಂಟ್ ಮತ್ತು ಇಪ್ಪತ್ತು ಸೆಂಟ್ ನಾಣ್ಯಗಳನ್ನು ತೆಗೆದಿಟ್ಟುಕೊಳ್ಳಿ. ಹತ್ತು ಸೆಂಟಿನ ಅಡ್ಡಳತೆ 18.5 ಮಿಲಿಮೀಟರ್. ಇಪ್ಪತ್ತು ಸೆಂಟಿನ ತೂಕ 3.85 ಗ್ರಾಂ. ಹತ್ತು ಸೆಂಟಿನಷ್ಟು ಅಗಲ, ಇಪ್ಪತ್ತು ಸೆಂಟಿನಷ್ಟು ಭಾರ: ಇದೇ ದಿನಾರಿಯಸ್. ಚಿಕ್ಕದಾಗಿದ್ದರೂ ಭಾರ ಹೆಚ್ಚಾಗಲು ಎರಡು ಕಾರಣ. ಬೆಳ್ಳಿ ಉಕ್ಕಿಗಿಂತ ಸಾಂದ್ರವಾದ ಲೋಹ, ಜೊತೆಗೆ ಆ ಕಾಲದ ಬಿಲ್ಲೆ ಇಂದಿನ ನಾಣ್ಯಗಳಿಗಿಂತ ದಪ್ಪ.

ತೂಕ ಎಷ್ಟು ಮುಖ್ಯ ಎಂಬುದಕ್ಕೆ ರೋಮಿನ ಲೇಖಕ ಪ್ಲಿನಿ ಒಂದು ಪ್ರಸಂಗ ಹೇಳಿದ್ದಾನೆ. ಚಕ್ರವರ್ತಿ ಕ್ಲಾಡಿಯಸನ ಕಾಲದಲ್ಲಿ ರೋಮಿನ ಕಡೆಯವನೊಬ್ಬ ಬಿರುಗಾಳಿಗೆ ಸಿಕ್ಕಿ ಸಿಂಹಳ ದ್ವೀಪ ಸೇರಿದ. ಅವನ ಬಳಿಯಿದ್ದ ದಿನಾರಿಯಸ್‌ಗಳನ್ನು ಅಲ್ಲಿನ ಅರಸ ನೋಡಿದ. ನಾಣ್ಯಗಳ ಮೇಲೆ ಬೇರೆ ಬೇರೆ ಅರಸರ ಮುಖಗಳಿದ್ದರೂ ತೂಕ ಮಾತ್ರ ಒಂದೇ ಸಮ ಇತ್ತು. ಅರಸರು ಬದಲಾದರೂ ತೂಕ ಬದಲಾಗದ ನಾಡು ಪ್ರಾಮಾಣಿಕರ ನಾಡಾಗಿರಬೇಕು ಎಂದು ಅವನು ಮೆಚ್ಚಿದನಂತೆ.

ಎರಡನೆಯ ಹೆಜ್ಜೆ: ಅಂಚು

ನಮ್ಮ ಮನೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಬ್ರಿಟಿಷರ ಕಾಲದ ಬೆಳ್ಳಿಯ ಪಾವಲಿ, ಅಂದರೆ ನಾಲ್ಕಾಣೆ. ಅದರ ಅಡ್ಡಳತೆಯೂ ಸುಮಾರು 19 ಮಿಲಿಮೀಟರ್. ಅದರ ಮೇಲೂ ವಿಕ್ಟೋರಿಯಾ, ಎಡ್ವರ್ಡ್ ಅಥವಾ ಜಾರ್ಜ್ ದೊರೆಯ ತಲೆಯೇ ಇರುತ್ತದೆ. ಬಿಡಿಸುವುದು ಹೇಗೆ? ಪಾವಲಿಯ ತೂಕ 2.92 ಗ್ರಾಂ ಮಾತ್ರ. ಅದು ಯಂತ್ರದಲ್ಲಿ ತಯಾರಾದದ್ದು, ಹಾಗಾಗಿ ಪೂರ್ತಿ ದುಂಡಗಿರುತ್ತದೆ, ಅಂಚಿನ ಸುತ್ತ ಒಂದೇ ಸಮನಾದ ಸಣ್ಣ ಗೀರುಗಳಿರುತ್ತವೆ, ಇಸವಿ ಅಂಕಿಯಲ್ಲಿ ನಮೂದಾಗಿರುತ್ತದೆ.

ಚಕ್ರವರ್ತಿಗಳ ಕಾಲದ ದಿನಾರಿಯಸ್‌ನಲ್ಲಿ ಇಂಥ ಗೀರುಗಳಿಲ್ಲ, ಇಸವಿಯ ಅಂಕಿಯೂ ಇಲ್ಲ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಅದನ್ನು ಮಾಡುತ್ತಿದ್ದರು. ಹೊಡೆತ ಒಂದಿಷ್ಟು ಪಕ್ಕಕ್ಕೆ ಸರಿದರೆ ಮುಖ ಒಂದು ಕಡೆಗೆ ವಾಲುತ್ತದೆ, ಕೆಲವು ಅಕ್ಷರಗಳು ಬಿಲ್ಲೆಯಿಂದ ಹೊರಗೆ ಉಳಿದುಬಿಡುತ್ತವೆ, ಅಂಚು ಒಡೆದ ಚಕ್ಕುಲಿಯಂತೆ ಅಲ್ಲಲ್ಲಿ ಸೀಳಿರುತ್ತದೆ. ಇವು ದೋಷಗಳಲ್ಲ, ಕೈಕೆಲಸದ ಗುರುತುಗಳು.

ನಮ್ಮ ನಾಡಿನ ಇತರ ಪ್ರಾಚೀನ ಬೆಳ್ಳಿ ನಾಣ್ಯಗಳಿಂದಲೂ ಇದನ್ನು ಬೇರ್ಪಡಿಸಬೇಕು. ಮುದ್ರಾಂಕಿತ ನಾಣ್ಯಗಳಲ್ಲಿ ಅರಸನ ಮುಖ ಇರುವುದಿಲ್ಲ, ಸೂರ್ಯ, ಬೆಟ್ಟ, ಪ್ರಾಣಿ ಮುಂತಾದ ಬಿಡಿ ಗುರುತುಗಳಿರುತ್ತವೆ. ಪಶ್ಚಿಮ ಕ್ಷತ್ರಪರ ಬೆಳ್ಳಿಯಲ್ಲಿ ಮೀಸೆ ಹೊತ್ತ ಅರಸನ ಮುಖವಿದ್ದರೂ ತೂಕ ಸುಮಾರು ಎರಡು ಗ್ರಾಂ ಅಷ್ಟೇ, ಹಿಂಬದಿಯಲ್ಲಿ ಮೂರು ಕಮಾನಿನ ಬೆಟ್ಟದ ಗುರುತಿರುತ್ತದೆ.

ಮೂರನೆಯ ಹೆಜ್ಜೆ: ಮುಖ

ತಲೆಯ ಮೇಲೆ ಎಲೆಗಳ ಹಾರ ಕಟ್ಟಿ, ಹಿಂದೆ ಅದರ ದಾರ ಇಳಿಬಿಟ್ಟಿದ್ದರೆ ಅದು ಲಾರೆಲ್ ಎಲೆಯ ಮಾಲೆ, ದಿನಾರಿಯಸ್‌ನ ಸಾಮಾನ್ಯ ಲಕ್ಷಣ. ಎಲೆಯ ಬದಲು ಸೂರ್ಯಕಿರಣದಂಥ ಮೊನೆಗಳ ಕಿರೀಟ ಇದ್ದರೆ, ಬೆಳ್ಳಿಯ ಮಟ್ಟಿಗೆ ಅದು ಚಕ್ರವರ್ತಿ ಕ್ಯಾರಕಲ್ಲಾ ಕ್ರಿ.ಶ. 215ರಲ್ಲಿ ಆರಂಭಿಸಿದ ಬೇರೆಯೇ ನಾಣ್ಯ ಎಂದು ತಿಳಿಯಬಹುದು.

ಮುಂದಿನದು ಗಡ್ಡ. ಕ್ರಿ.ಶ. 117ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನ್ ತುಂಬು ಗಡ್ಡ ಬಿಟ್ಟು ನಾಣ್ಯದ ಮೇಲೆ ಕಾಣಿಸಿಕೊಂಡ. ಅವನ ಹಿಂದಿನವರು ಬಹುಪಾಲು ನುಣ್ಣನೆ ಕ್ಷೌರ ಮಾಡಿಸಿಕೊಂಡವರೇ. ಮುಖದಲ್ಲೂ ವ್ಯತ್ಯಾಸ ಉಂಟು. ಅಗಸ್ಟಸ್ ಎಪ್ಪತ್ತು ದಾಟಿದರೂ ನಾಣ್ಯದ ಮೇಲೆ ಯುವಕನೇ. ಕ್ಲಾಡಿಯಸನದು ಉದ್ದ ಕತ್ತು. ನೀರೋನ ಕತ್ತು ದಪ್ಪ, ಕೂದಲು ಗುಂಗುರು. ವೆಸ್ಪೇಸಿಯನ್ ಬೋಳುತಲೆಯ, ಸುಕ್ಕುಗಟ್ಟಿದ ಅಜ್ಜನಂತೆ ಕಾಣುತ್ತಾನೆ. ಆದರೂ ಮುಖ ನೋಡಿಯೇ ತೀರ್ಮಾನಕ್ಕೆ ಬರಬಾರದು. ಅದನ್ನು ಅಕ್ಷರಗಳಿಂದ ಖಚಿತಪಡಿಸಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಅಕ್ಷರ

ನಾಣ್ಯದ ಸುತ್ತ ಇರುವುದು ಇಂಗ್ಲಿಷ್ ದೊಡ್ಡಕ್ಷರಗಳಂತೆಯೇ ಕಾಣುವ ಲ್ಯಾಟಿನ್ ಅಕ್ಷರಗಳು. ‘ಯು’ ಅಕ್ಷರದ ಜಾಗದಲ್ಲಿ ‘ವಿ’ ಬರೆಯುತ್ತಿದ್ದರು. ಪದಗಳ ನಡುವೆ ಜಾಗ ಬಿಡುವ ರೂಢಿ ಕಡಿಮೆ. ಎಲ್ಲವನ್ನೂ ಚುಟುಕಾಗಿಸುತ್ತಿದ್ದರು.

ಇದು ನಮಗೆ ಹೊಸದೇನಲ್ಲ. ಚಾಲುಕ್ಯರ ಶಾಸನ ಓದಿದವರಿಗೆ ‘ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ ಎಂಬ ಬಿರುದುಗಳ ಸಾಲು ಗೊತ್ತು. ರೋಮಿನವರದೂ ಅದೇ ಕಥೆ. ಆದರೆ ಉಗುರಗಲದ ಬಿಲ್ಲೆಯಲ್ಲಿ ಅಷ್ಟನ್ನೂ ತುಂಬಬೇಕಾದ್ದರಿಂದ ಮೊದಲಕ್ಷರಗಳನ್ನಷ್ಟೇ ಕೆತ್ತಿದರು. ‘ಟಿ-ಐ’ ಎಂದರೆ ಟಿಬೇರಿಯಸ್. ‘ಎ-ವಿ-ಜಿ’ ಎಂದರೆ ಅಗಸ್ಟಸ್, ಅಂದರೆ ಪೂಜ್ಯ. ‘ಎಫ್’ ಎಂದರೆ ಮಗ. ‘ಪಿ-ಎಂ’ ಎಂದರೆ ಪ್ರಧಾನ ಪುರೋಹಿತ. ‘ಪಿ-ಪಿ’ ಎಂದರೆ ರಾಷ್ಟ್ರಪಿತ.

‘ಟಿ-ಆರ್-ಪಿ’ ಎಂಬ ಮೂರು ಅಕ್ಷರಗಳು ಬಹಳ ಉಪಯುಕ್ತ. ಚಕ್ರವರ್ತಿಗೆ ಪ್ರತಿ ವರ್ಷವೂ ಹೊಸದಾಗಿ ದೊರೆಯುತ್ತಿದ್ದ ಟ್ರಿಬ್ಯೂನ್ ಎಂಬ ಅಧಿಕಾರವನ್ನು ಅವು ಸೂಚಿಸುತ್ತವೆ. ಪಕ್ಕದಲ್ಲಿರುವ ರೋಮನ್ ಅಂಕಿ ಅದು ಎಷ್ಟನೆಯ ವರ್ಷ ಎಂದು ಹೇಳುತ್ತದೆ. ಕ್ಲಾಡಿಯಸ್ ಕ್ರಿ.ಶ. 41ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ. ಅವನ ನಾಣ್ಯದಲ್ಲಿ ‘ಟಿ-ಆರ್-ಪಿ’ಯ ಮುಂದೆ ಆರು ಎಂದಿದ್ದರೆ ಅದು ಕ್ರಿ.ಶ. 46–47ರದು. ನಮ್ಮ ಶಾಸನಗಳಲ್ಲಿ ಅರಸನ ಆಳ್ವಿಕೆಯ ಇಂತಿಷ್ಟನೆಯ ವರ್ಷ ಎಂದು ಬರುವುದನ್ನು ಹಿಡಿದು ಕಾಲ ನಿರ್ಣಯಿಸುವಂತೆಯೇ ಇದೂ.

ಐದನೆಯ ಹೆಜ್ಜೆ: ಹಿಂಬದಿ

ಭಾರತದಲ್ಲಿ ಸಿಕ್ಕಿರುವ ದಿನಾರಿಯಸ್‌ಗಳಲ್ಲಿ ಎರಡು ಬಗೆಗಳದೇ ಮೇಲುಗೈ. ಇವೆರಡನ್ನು ಗುರುತಿಸಲು ಕಲಿತರೆ ಬಹುಪಾಲು ಕಲಿತಂತೆ.

ಒಂದನೆಯದು ಅಗಸ್ಟಸನದು. ಹಿಂಬದಿಯಲ್ಲಿ ಇಬ್ಬರು ಯುವಕರು ಎದುರುಮುಖವಾಗಿ ನಿಂತಿದ್ದಾರೆ. ಅವರ ನಡುವೆ ಎರಡು ದುಂಡು ಗುರಾಣಿ, ಎರಡು ಈಟಿ. ಇವರು ಅಗಸ್ಟಸನ ಮಗಳ ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್. ಗಂಡುಮಕ್ಕಳಿಲ್ಲದ ಅಗಸ್ಟಸ್ ಇವರನ್ನು ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳೆಂದು ಸಾರಿದ. ಕ್ರಿ.ಪೂ. 2ರಿಂದ ಇಂದಿನ ಫ್ರಾನ್ಸಿನ ಲಿಯಾನ್ ನಗರದ ಟಂಕಸಾಲೆಯಲ್ಲಿ ಈ ನಾಣ್ಯಗಳು ಅಚ್ಚಾದವು. ಆದರೆ ವಿಧಿ ಬೇರೆಯೇ ಆಗಿತ್ತು. ಕ್ರಿ.ಶ. 2ರಲ್ಲಿ ಲೂಸಿಯಸ್, 4ರಲ್ಲಿ ಗೇಯಸ್ ತೀರಿಕೊಂಡರು.

ಎರಡನೆಯದು ಟಿಬೇರಿಯಸನದು. ಹಿಂಬದಿಯಲ್ಲಿ ಒಬ್ಬ ಹೆಂಗಸು ಪೀಠದ ಮೇಲೆ ಕುಳಿತಿದ್ದಾಳೆ. ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಎಲೆಯ ಟೊಂಗೆ. ಇವಳು ಅವನ ತಾಯಿ ಲಿವಿಯಾ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಸುತ್ತ ‘ಪಾಂಟಿಫ್ ಮ್ಯಾಕ್ಸಿಮ್’, ಅಂದರೆ ಪ್ರಧಾನ ಪುರೋಹಿತ ಎಂಬ ಬರಹ. ಮುಂಬದಿಯಲ್ಲಿ ‘ದೈವತ್ವ ಪಡೆದ ಅಗಸ್ಟಸನ ಮಗ ಟಿಬೇರಿಯಸ್ ಸೀಸರ್ ಅಗಸ್ಟಸ್’ ಎಂಬ ಅರ್ಥದ ಚುಟುಕು ಅಕ್ಷರಗಳು. ಬೈಬಲ್ಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆಯ ನಾಣ್ಯ ಇದೇ ಇರಬೇಕೆಂಬ ನಂಬಿಕೆಯಿಂದ ಇದಕ್ಕೆ ‘ಟ್ರಿಬ್ಯೂಟ್ ಪೆನ್ನಿ’ ಎಂಬ ಹೆಸರೂ ಬಂದಿದೆ.

ಟಿಬೇರಿಯಸ್ ಅಗಸ್ಟಸನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಹೆಂಡತಿ ಲಿವಿಯಾಳ ಮೊದಲ ಮದುವೆಯ ಮಗ. ಮೊಮ್ಮಕ್ಕಳಿಬ್ಬರೂ ಹೋದ ಮೇಲೆ ಅವನನ್ನು ದತ್ತು ಪಡೆಯಬೇಕಾಯಿತು. ಎಂದರೆ ಮೊದಲ ನಾಣ್ಯದ ಆಸೆ ಕೈಗೂಡದ್ದರಿಂದಲೇ ಎರಡನೆಯ ನಾಣ್ಯ ಹುಟ್ಟಿತು. ರೋಮಿನ ಅರಮನೆಯ ಈ ಸಂಸಾರದ ಕಥೆ ನಮ್ಮ ಊರುಗಳ ಮಣ್ಣಿನಲ್ಲಿ ಇಷ್ಟು ಕಾಲ ಅಡಗಿತ್ತು.

ಈ ನಾಣ್ಯಗಳಿಗೆ ವಿದ್ವಾಂಸರು ಕ್ರಮಸಂಖ್ಯೆಗಳನ್ನೂ ಕೊಟ್ಟಿದ್ದಾರೆ. ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಎಂಬ ಗ್ರಂಥಮಾಲೆ 1923ರಿಂದ ಪ್ರಕಟವಾಗತೊಡಗಿತು. ಅದರ ಮೊದಲ ಸಂಪುಟದ ಪರಿಷ್ಕೃತ ಆವೃತ್ತಿಯಲ್ಲಿ ಗೇಯಸ್–ಲೂಸಿಯಸ್ ನಾಣ್ಯ ಅಗಸ್ಟಸ್ 207, ಕುಳಿತ ಹೆಂಗಸಿನ ನಾಣ್ಯ ಟಿಬೇರಿಯಸ್ 26ರಿಂದ 30. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ಇದನ್ನೇ ಆಧರಿಸಿ ಅಂತರಜಾಲದಲ್ಲಿ ಚಿತ್ರಸಹಿತ ಪಟ್ಟಿಯನ್ನು ಉಚಿತವಾಗಿ ಒದಗಿಸಿದ್ದಾರೆ. ಕರ್ನಾಟಕದ ನಾಣ್ಯಗಳ ಬಗ್ಗೆ ಆಸಕ್ತಿ ಇರುವವರು ಡಾ. ಎ.ವಿ. ನರಸಿಂಹಮೂರ್ತಿ ಅವರ ಪುಸ್ತಕಗಳನ್ನು ಹುಡುಕಿ ಓದಬೇಕು.

ಅಸಲಿಯೋ ನಕಲಿಯೋ?

ನಕಲು ಇಂದಿನ ವಿದ್ಯೆಯಲ್ಲ. ರೋಮಿನ ಕಾಲದಲ್ಲಿಯೇ ತಾಮ್ರದ ಬಿಲ್ಲೆಗೆ ಬೆಳ್ಳಿಯ ಹೊದಿಕೆ ಹಾಕಿ ಮೋಸ ಮಾಡುವವರಿದ್ದರು. ಹೊದಿಕೆ ಸವೆದ ಕಡೆ ಕೆಂಪು ಅಥವಾ ಹಸಿರು ಇಣುಕಿದರೆ ಅನುಮಾನಿಸಬೇಕು. ಭಾರತದಲ್ಲಿಯೂ ರೋಮನ್ ನಾಣ್ಯಗಳ ಅನುಕರಣೆಗಳು ತಯಾರಾದವು. ಅವುಗಳಲ್ಲಿ ಚಿತ್ರ ಸರಿಸುಮಾರು ಇದ್ದರೂ ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿರುತ್ತವೆ, ಏಕೆಂದರೆ ಕೆತ್ತಿದವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಇವು ಮೋಸದ ಸರಕೆಂದು ಬಿಸಾಡುವಂಥವಲ್ಲ, ಅವೂ ಇತಿಹಾಸವೇ.

ಇಂದಿನ ನಕಲುಗಳು ಬಹುಮಟ್ಟಿಗೆ ಎರಕ ಹೊಯ್ದವು. ಭೂತಕನ್ನಡಿಯಲ್ಲಿ ನೋಡಿದರೆ ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಗುಳಿಗಳು, ಅಂಚಿನ ಸುತ್ತ ಎರಡು ಅರ್ಧಗಳು ಕೂಡಿದ ಗೆರೆ, ಕರಗಿದ ಬೆಣ್ಣೆಯಂಥ ಮೊಂಡು ಅಕ್ಷರಗಳು ಕಾಣುತ್ತವೆ. ಪ್ರವಾಸಿ ತಾಣಗಳಲ್ಲಿ ‘ಹೊಲದಲ್ಲಿ ಸಿಕ್ಕಿತು ಸಾರ್’ ಎಂದು ಯಾರಾದರೂ ಚಾಚಿದರೆ ಈ ಗುರುತುಗಳನ್ನು ನೆನೆಯಿರಿ. ನಕಲಿಯಾದರೆ ದುಡ್ಡು ದಂಡ. ಅಸಲಿಯಾದರೆ ಕಾನೂನಿನ ತೊಡಕು.

ಇಷ್ಟೊಂದು ಬೆಳ್ಳಿ ಬಂದದ್ದೇಕೆ?

ಉತ್ತರ ಒಂದೇ ಮಾತಿನಲ್ಲಿ: ವ್ಯಾಪಾರ. ಮೆಣಸು, ಮುತ್ತು, ರತ್ನ, ನಯವಾದ ಹತ್ತಿಬಟ್ಟೆಗಳಿಗಾಗಿ ರೋಮಿನವರು ಚಿನ್ನ ಬೆಳ್ಳಿ ಸುರಿದರು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನುಂಗುತ್ತಿದೆ ಎಂದು ಪ್ಲಿನಿ ಗೊಣಗಿದ್ದಾನೆ. ದಿನಾರಿಯಸ್ ಲೆಕ್ಕದಲ್ಲಿ ಅದು ಒಂದೂಕಾಲು ಕೋಟಿ. ಈ ಕಡಲ ದಾರಿ ಭಾರತಕ್ಕೇ ಮುಗಿಯಲಿಲ್ಲ. 1940ರ ದಶಕದಲ್ಲಿ ವಿಯೆಟ್ನಾಮಿನ ಮೆಕಾಂಗ್ ಮುಖಜಭೂಮಿಯ ಓಕ್ ಇಯೊ ಎಂಬಲ್ಲಿ, ರೋಮಿನ ಚಕ್ರವರ್ತಿ ಅಂಟೋನಿನಸ್ ಪಯಸನ ಹೆಸರಿರುವ ಚಿನ್ನದ ಪದಕ ದೊರೆಯಿತು. ನಾವು ಈಗ ನೆಲೆಸಿರುವ ಆಗ್ನೇಯ ಏಷ್ಯಾದ ಕಡಲುಗಳಿಗೂ ಆ ವ್ಯಾಪಾರದ ಅಲೆ ತಲುಪಿತ್ತು.

ಅಗಸ್ಟಸ್, ಟಿಬೇರಿಯಸರ ನಾಣ್ಯಗಳೇ ಏಕೆ ಹೆಚ್ಚು? ಅವು ಬಹುತೇಕ ಅಪ್ಪಟ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ತೂಕ ಇಳಿಸಿದ. ಪೌಂಡಿಗೆ 84ರ ಬದಲು 96 ನಾಣ್ಯಗಳಾದವು, ಬೆರಕೆಯೂ ಸೇರಿತು. ಮುಂದೆ ಸೆಪ್ಟಿಮಿಯಸ್ ಸೆವೆರಸನ ಹೊತ್ತಿಗೆ ಬೆಳ್ಳಿ ಸುಮಾರು ಅರ್ಧಕ್ಕಿಳಿಯಿತು. ತೂಗಿ, ಒರೆಗೆ ಹಚ್ಚಿ ತೆಗೆದುಕೊಳ್ಳುವ ನಮ್ಮ ವರ್ತಕರ ಕಣ್ಣಿಗೆ ಹಳೆಯ ನಾಣ್ಯವೇ ಚೆನ್ನ.

ಇದರಿಂದ ಇನ್ನೊಂದು ಪಾಠವೂ ಇದೆ. ನಾಣ್ಯ ಅಚ್ಚಾದ ಕಾಲವೇ ಅದು ಹೂತ ಕಾಲವಲ್ಲ. ಒಂದು ನಿಧಿಯಲ್ಲಿ ಅಗಸ್ಟಸನ ನೂರು ನಾಣ್ಯಗಳಿದ್ದು ಕ್ಲಾಡಿಯಸನ ಒಂದೇ ಒಂದು ಇದ್ದರೂ, ಆ ನಿಧಿಯನ್ನು ಕ್ಲಾಡಿಯಸ್ ಪಟ್ಟಕ್ಕೆ ಬಂದ ಕ್ರಿ.ಶ. 41ಕ್ಕಿಂತ ಮೊದಲು ಹೂತಿರಲು ಸಾಧ್ಯವಿಲ್ಲ. ಹಾಗಾಗಿ ನಿಧಿಯಿಂದ ಯಾರೋ ಆ ಒಂದನ್ನು ಎತ್ತಿಟ್ಟುಕೊಂಡರೆ ಇಡೀ ನಿಧಿಯ ಕಾಲವೇ ತಪ್ಪಾಗುತ್ತದೆ. ಚಂದ್ರವಳ್ಳಿಯಲ್ಲಿ ಹಾಗಾಗಲಿಲ್ಲ. ನಾಣ್ಯ ಸಿಕ್ಕ ಪದರ, ಜೊತೆಗಿದ್ದ ಮಡಕೆ ಚೂರು, ಶಾತವಾಹನರ ಕಾಲದ ಅವಶೇಷಗಳು ಎಲ್ಲವೂ ದಾಖಲಾದ್ದರಿಂದ ಒಂದರ ಕಾಲ ಇನ್ನೊಂದಕ್ಕೆ ಸಾಕ್ಷಿಯಾಯಿತು.

ನಾವು ಮಾಡಬೇಕಾದ್ದೇನು?

ರಜೆಗೆ ಊರಿಗೆ ಹೋದಾಗ ಅಜ್ಜಿಯ ಪೆಟ್ಟಿಗೆಯಲ್ಲೋ, ದೇವರ ಕೋಣೆಯ ಬಟ್ಟಲಿನಲ್ಲೋ, ಕಾಸಿನ ಸರದಲ್ಲೋ ಹಳೆಯ ನಾಣ್ಯ ಕಂಡರೆ ಈ ನಾಲ್ಕು ಮಾತು ನೆನಪಿರಲಿ.

ಒಂದು, ಉಜ್ಜಬೇಡಿ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಬೆಳ್ಳಿಯ ದೀಪಕ್ಕೆ ಇರಲಿ. ನಾಣ್ಯವನ್ನು ಉಜ್ಜಿದರೆ ಕಪ್ಪಿನ ಜೊತೆಗೆ ಅಕ್ಷರದ ಮೊನೆಯೂ ಹೋಗುತ್ತದೆ.

ಎರಡು, ಕರಗಿಸಬೇಡಿ, ತೂತು ಕೊರೆಸಬೇಡಿ. ನಾಲ್ಕು ಗ್ರಾಂ ಬೆಳ್ಳಿಗೆ ಸಿಗುವ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು. ಕರಗಿದ ಇತಿಹಾಸ ಮರಳುವುದಿಲ್ಲ.

ಮೂರು, ಬರೆದಿಡಿ. ಎರಡೂ ಬದಿಯ ಚಿತ್ರ ತೆಗೆದು, ಗ್ರಾಂ ಲೆಕ್ಕದಲ್ಲಿ ತೂಗಿ, ಎಲ್ಲಿಂದ ಬಂತು, ಯಾರ ಕಾಲದಲ್ಲಿ ಬಂತು ಎಂದು ಹಿರಿಯರನ್ನು ಕೇಳಿ ದಾಖಲಿಸಿ. ಹೊಲದಲ್ಲಿಯೋ ಮನೆಯ ಪಾಯದಲ್ಲಿಯೋ ಸಿಕ್ಕಿದ್ದಾದರೆ ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಲೇಬೇಕು. ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆಯಿಂದಲೂ ಇದು ಭಾರತದಲ್ಲಿ ನಡೆದುಬಂದಿರುವ ನಿಯಮ.

ನಾಲ್ಕು, ಮತ್ತು ನಮಗೆ ಅತಿ ಮುಖ್ಯವಾದದ್ದು, ಅದನ್ನು ಸಿಂಗಪುರಕ್ಕೆ ತರಬೇಡಿ. ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ರೋಮಿನ ದಿನಾರಿಯಸ್ ಮಾತ್ರವಲ್ಲ, ಅಜ್ಜಿ ಪ್ರೀತಿಯಿಂದ ಮೊಮ್ಮಗುವಿನ ಕೈಗಿತ್ತ ವಿಕ್ಟೋರಿಯಾ ರಾಣಿಯ ಪಾವಲಿಗೂ ಇದೇ ನಿಯಮ. ಅದು ಊರಿನಲ್ಲೇ ಭದ್ರವಾಗಿರಲಿ. ಅದರ ಚಿತ್ರ ಮತ್ತು ಕಥೆಯನ್ನು ಇಲ್ಲಿಗೆ ತರಲು ಯಾರ ಅಪ್ಪಣೆಯೂ ಬೇಡ.

ಪರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ‘ನಮ್ಮ ಊರಿನಲ್ಲಿ ಏನಿದೆ?’ ಎಂದು ಕೇಳುವುದುಂಟು. ಹತ್ತು ಸೆಂಟು, ಇಪ್ಪತ್ತು ಸೆಂಟುಗಳನ್ನು ಅವರ ಅಂಗೈಯಲ್ಲಿಟ್ಟು ಯಶವಂತಪುರದ ಕಥೆ ಹೇಳಿ. ಕಡಲಾಚೆಯ ಜಗತ್ತಿನೊಡನೆ ಕನ್ನಡ ನಾಡಿನ ನಂಟು ನಮ್ಮ ಪಾಸ್‌ಪೋರ್ಟಿನಿಂದ ಆರಂಭವಾದದ್ದಲ್ಲ ಎಂಬುದು ಅವರಿಗೆ ತಿಳಿಯಲಿ.